ಗುರ್ತ ಬೇಕಾದಷ್ಟು ಉಂಟು, ಕೆಲಸ ಮಾತ್ರ ಯಾಕೆ ಬರುವುದಿಲ್ಲ?

ಪ್ರಶ್ನೆ: ನಾನು ಉಡುಪಿ ಜಿಲ್ಲೆಯ ಕಾಪು ಸಮೀಪದವನು. ಪೇಂಟಿಂಗ್ ಮತ್ತು ತಾರಸಿಯ ವಾಟರ್‌ಪ್ರೂಫಿಂಗ್ ಕೆಲಸವನ್ನು ಆರು ವರ್ಷಗಳಿಂದ ಸ್ವಂತವಾಗಿ ಹಿಡಿದು ಮಾಡಿಸುತ್ತಿದ್ದೇನೆ. ಏಳು ಜನ ಕೆಲಸದವರಿದ್ದಾರೆ. ಜಾಹೀರಾತು ಕೊಟ್ಟವನಲ್ಲ, ಎಲ್ಲ ಬಾಯಿಮಾತಿನಿಂದಲೇ ಬಂದದ್ದು. ಯುವಕ ಮಂಡಲದಲ್ಲಿ, ಭಜನಾ ಮಂಡಳಿಯಲ್ಲಿ ಇದ್ದೇನೆ. ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ದೊಡ್ಡ ಫ್ಲೆಕ್ಸ್ ಹಾಕಿಸಿದ್ದೆ, ಕ್ರಿಕೆಟ್ ಟೂರ್ನಿಗೆ ಟೀ-ಶರ್ಟ್ ಕೊಟ್ಟಿದ್ದೆ. ಫೋನಿನಲ್ಲಿ ಸಾವಿರಕ್ಕೂ ಹೆಚ್ಚು ನಂಬರ್ ಉಂಟು. ಆದರೂ ವರ್ಷಕ್ಕೆ 25 ಮನೆಗಿಂತ ಮೇಲೆ ಹೋಗುವುದಿಲ್ಲ. ಬರುವವರಲ್ಲಿ ಹೆಚ್ಚಿನವರು ಸಂಬಂಧಿಕರು. ರೇಟು ಇಳಿಸಿ ಎನ್ನುತ್ತಾರೆ, ಬಾಕಿ ಕೇಳಲು ನನಗೆ ಮುಜುಗರ. ಕಳೆದ ಮೇ ತಿಂಗಳಲ್ಲಿ ಮಾಡಿದ ಚಿಕ್ಕಮ್ಮನ ಮನೆಯ ತಾರಸಿ ಈ ಮಳೆಗೆ ಸೋರಿತು, ಮದುವೆ ಮನೆಯಲ್ಲಿ ಎಲ್ಲರ ಎದುರು ಆ ಮಾತು ಬಂತು. ಈಗ ಹಾರ್ಡ್‌ವೇರ್ ಅಂಗಡಿಯವರು ಕಮಿಷನ್ ಇಟ್ಟರೆ ಕೆಲಸ ಕಳಿಸುತ್ತೇವೆ ಎನ್ನುತ್ತಾರೆ. ಸ್ನೇಹಿತರೊಬ್ಬರು ಮಂಗಳೂರಿನ ಬಿಸಿನೆಸ್ ಕ್ಲಬ್ ಸೇರಲು ಹೇಳುತ್ತಾರೆ. ದೇವಸ್ಥಾನದ ಸಮಿತಿಯವರು ಸಭಾಭವನದ ತಾರಸಿಯನ್ನು ‘ಸೇವೆಯೆಂದು ಮಾಡಿಕೊಡಿ, ಹೆಸರು ಬರುತ್ತದೆ’ ಎನ್ನುತ್ತಾರೆ. ಯಾವುದನ್ನು ಹಿಡಿಯಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಹೆಣೆದುಕೊಂಡಿವೆ. ಗುರ್ತದವರು ಬಹಳ, ಕೆಲಸ ಕಡಿಮೆ. ಬಂದ ಕೆಲಸದಲ್ಲಿ ದುಡ್ಡು ಉಳಿಯುವುದಿಲ್ಲ. ಸೋರಿದ ಒಂದು ತಾರಸಿ ಆರು ವರ್ಷದ ಹೆಸರನ್ನು ಕೆಡಿಸೀತೆಂಬ ಭಯ ಬೇರೆ. ಕಮಿಷನ್, ಕ್ಲಬ್, ಸಭಾಭವನದ ವಿಚಾರ ಆಮೇಲೆ ನೋಡೋಣ. ಮೊದಲು, ನಿಮಗೆ ನಿಜವಾಗಿ ಎಷ್ಟು ಕೆಲಸ ಬೇಕು?

1,000 ಚದರ ಅಡಿಯ ತಾರಸಿಯೊಂದರಲ್ಲಿ ಪಾಚಿ ಕೆರೆದು ತೊಳೆಯಬೇಕು, ಬಿರುಕು ಬಿಡಿಸಿ ತುಂಬಬೇಕು, ಪ್ಯಾರಪೆಟ್ (ತಾರಸಿ ಅಂಚಿನ ಗಿಡ್ಡ ಗೋಡೆ) ಮೂಲೆಗೆ ಕೋವಿಂಗ್, ಅಂದರೆ ಗಾರೆಯ ದುಂಡು ಅಂಚು, ಕೊಡಬೇಕು, ಪ್ರೈಮರ್ ಮತ್ತು ಎರಡು ಕೋಟ್ ಹೊಡೆದು ಕೊನೆಗೆ ನೀರು ನಿಲ್ಲಿಸಿ ನೋಡಬೇಕು. ಒಣಗುವ ದಿನಗಳಲ್ಲಿ ತಂಡ ಪಕ್ಕದ ಕೆಲಸಕ್ಕೆ ಹೋಗಿಬಂದರೂ ಮೂರ್ನಾಲ್ಕು ಜನರ ಒಂದು ತಂಡಕ್ಕೆ ವಾರಕ್ಕೊಂದು ಮನೆ ಎಂದೇ ಹಿಡಿಯಬೇಕು. ನಮ್ಮ ಕರಾವಳಿಯಲ್ಲಿ ಸ್ಲ್ಯಾಬ್ ಒಣಗಿರುವುದು ನವೆಂಬರ್ ಆರಂಭದಿಂದ ಮೇ ಮಧ್ಯದವರೆಗೆ, ಸುಮಾರು 28 ವಾರ. ಏಳು ಜನರಲ್ಲಿ ಎರಡು ತಂಡ, ಅಂದರೆ 56. ಜಾತ್ರೆ, ದೈವದ ನೇಮ, ಮದುವೆ, ಕೆಲಸದವರ ರಜೆ ಕಳೆದರೆ 40ರಿಂದ 45 ಮನೆ ಉಳಿಯುತ್ತದೆ. ಈಗ 25 ಆಗುತ್ತಿದೆ. ನಿಮ್ಮ ಕೊರತೆ 15ರಿಂದ 20 ಮನೆ, ಅಷ್ಟೇ. ಕಳೆದ ಸೀಸನ್ನಿನ 25 ಮನೆಗಳಲ್ಲಿ 15 ಮನೆಯವರು ತಲಾ ಒಬ್ಬರಿಗೆ ನಿಮ್ಮ ಹೆಸರು ಹೇಳಿದರೆ ಸೀಸನ್ ಹೆಚ್ಚುಕಡಿಮೆ ತುಂಬಿತು. ಸಾವಿರ ನಂಬರಿನ ಹಿಂದೆ ಹೋಗುವ ಬದಲು ಈ 25 ಮನೆಗಳ ಹಿಂದೆ ಹೋಗಿ.

ಅವರು ಯಾಕೆ ಹೇಳುವುದಿಲ್ಲ? ಕೆಲಸ ಚೆನ್ನಾಗಿದ್ದರೆ ಜನ ತಾವಾಗಿಯೇ ಹೇಳುತ್ತಾರೆ ಎಂಬುದು ಅರ್ಧ ಸತ್ಯ. ಒಬ್ಬರ ಹೆಸರನ್ನು ಇನ್ನೊಬ್ಬರಿಗೆ ಹೇಳುವವನು ತನ್ನ ಮರ್ಯಾದೆಯನ್ನು ಅಡವಿಡುತ್ತಾನೆ. ನಾಳೆ ಆ ಮನೆ ಸೋರಿದರೆ, ಕೆಲಸ ಅರ್ಧಕ್ಕೆ ನಿಂತರೆ, ಬಿಲ್ಲು ಮಾತಿಗಿಂತ ಹೆಚ್ಚಾದರೆ ಬೈಗುಳ ಮೊದಲು ಬರುವುದು ಹೇಳಿದವನಿಗೆ. ‘ನೀವು ಹೇಳಿದಿರೆಂದು ಅಲ್ಲವಾ ಕರೆದದ್ದು’ ಎಂಬ ಮಾತನ್ನು ಭಾವನಿಂದಲೋ ಪಕ್ಕದ ಮನೆಯವರಿಂದಲೋ ಕೇಳಲು ಯಾರಿಗೂ ಇಷ್ಟವಿಲ್ಲ. ಆದ್ದರಿಂದ ನಿಮ್ಮ ಕೆಲಸ ಮೆಚ್ಚಿದವರೂ ಸುಮ್ಮನಿರುತ್ತಾರೆ. ಆ ಅಡವಿನ ಭಯವನ್ನು ಕಡಿಮೆ ಮಾಡುವುದೇ ಬಾಯಿಮಾತನ್ನು ಬೆಳೆಸುವ ದಾರಿ. ಫ್ಲೆಕ್ಸ್, ಟೀ-ಶರ್ಟ್, ಸ್ಮರಣ ಸಂಚಿಕೆಯ ಅರ್ಧ ಪುಟ ಈ ಭಯವನ್ನು ಮುಟ್ಟುವುದೂ ಇಲ್ಲ. ಅವುಗಳಿಂದ ಹೆಸರು ಕಿವಿಗೆ ಬೀಳುತ್ತದೆ, ಊರಿಗೆ ಉಪಕಾರವಾಗುತ್ತದೆ. ಕೊಡುವ ಮನಸ್ಸಿದ್ದರೆ ಕೊಡಿ, ಆದರೆ ಲೆಕ್ಕದಲ್ಲಿ ದೇಣಿಗೆ ಎಂದು ಬರೆಯಿರಿ; ವ್ಯಾಪಾರದ ಖರ್ಚೆಂದು ಬರೆದು ಫಲ ಕಾಯಬೇಡಿ.

ಚಿಕ್ಕಮ್ಮನ ಮನೆಗೆ ಬರೋಣ, ಏಕೆಂದರೆ ಈಗ ನಿಮ್ಮ ಹೆಸರು ನಿಂತಿರುವುದು ಅಲ್ಲಿ. ಒಂದು ಸೋರಿಕೆಯಿಂದ ಹೆಸರು ಹೋಗುತ್ತದೆ ಎಂಬುದು ನಿಜವಲ್ಲ. ಸೋರಿದಾಗ ಫೋನ್ ಎತ್ತದಿದ್ದರೆ ಹೋಗುತ್ತದೆ. ಈ ವಾರವೇ ಹೋಗಿ, ಮಳೆ ಬರುತ್ತಿರುವಾಗಲೇ ಹೋಗಿ. ನೀರು ಎಲ್ಲಿಂದ ಬರುತ್ತದೆಂಬುದು ಆಗ ಮಾತ್ರ ಕಾಣುವುದು. ಮೊದಲು ನೀರು ಹೋಗುವ ಪೈಪಿನ ಬಾಯಿ ನೋಡಿ. ತೆಂಗಿನ ಹಿಂಗಾರ, ಮಾವಿನ ಎಲೆ ಸಿಕ್ಕಿ ತಾರಸಿಯಲ್ಲಿ ನಾಲ್ಕು ಅಂಗುಲ ನೀರು ನಿಂತರೆ ಅದು ಕೋಟ್ ಹೊಡೆದ ಎತ್ತರವನ್ನು ದಾಟಿ ಪ್ಯಾರಪೆಟ್ಟಿನ ಸಾರಣೆಯೊಳಗೆ ಇಳಿಯುತ್ತದೆ. ಆಮೇಲೆ, ನೀವು ಕೆಲಸ ಮುಗಿಸಿ ಬಂದ ಮೇಲೆ ಯಾರಾದರೂ ಸೋಲಾರ್ ಹೀಟರಿನ ಸ್ಟ್ಯಾಂಡಿಗೆ, ಡಿಶ್ಶಿಗೆ, ಶೀಟಿನ ಕಂಬಕ್ಕೆ ಡ್ರಿಲ್ ಹೊಡೆದಿದ್ದಾರೆಯೇ ನೋಡಿ. ಪಡುವಣದ ಹೊರಗೋಡೆಯಲ್ಲಿ ಕೂದಲೆಳೆಯ ಬಿರುಕುಗಳಿದ್ದರೆ ಗಾಳಿಮಳೆ ಅದರ ಮೂಲಕವೇ ಒಳಗೆ ಬಂದು ಸ್ಲ್ಯಾಬಿನ ಅಡಿ ಒದ್ದೆ ಮಾಡುತ್ತದೆ, ಮನೆಯವರಿಗೆ ಅದೂ ತಾರಸಿಯ ಸೋರಿಕೆಯೆಂದೇ ಕಾಣುತ್ತದೆ.

ಇದ್ಯಾವುದೂ ಅಲ್ಲದಿದ್ದರೆ ತಪ್ಪು ನಿಮ್ಮದು. ಮೇ ತಿಂಗಳ ಕೆಲಸವೆಂದರೆ ನನಗೆ ಬರುವ ಮೊದಲ ಸಂಶಯ, ಒಂದು ಮಳೆ ಬಿದ್ದ ಮೇಲೆ ಒಳಗೆ ಒದ್ದೆ ಉಳಿದಿದ್ದ ಸ್ಲ್ಯಾಬಿನ ಮೇಲೆ ಕೋಟ್ ಹೊಡೆದಿರಬೇಕು. ಬಿಸಿಲಿಗೆ ಆ ತೇವ ಮೇಲೆದ್ದು ಗುಳ್ಳೆ ಬರುತ್ತದೆ, ಗುಳ್ಳೆ ಒಡೆದಲ್ಲಿ ನೀರು ಇಳಿಯುತ್ತದೆ. ಇದನ್ನು ತಪ್ಪಿಸಲು ಯಂತ್ರ ಬೇಡ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಸ್ಲ್ಯಾಬಿನ ಮೇಲೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಅಡಿಯಲ್ಲಿ ಬೆವರಿದ್ದರೆ, ಕಾಂಕ್ರೀಟಿನ ಬಣ್ಣ ಕಪ್ಪಾಗಿದ್ದರೆ ಅಂದು ಪ್ರೈಮರ್ ಹೊಡೆಯಬಾರದು. ದೊಡ್ಡ ತಾರಸಿಯಲ್ಲಿ ಮೂರ್ನಾಲ್ಕು ಕಡೆ ಹೀಗೆ ನೋಡಬೇಕು.

ಚಿಕ್ಕಮ್ಮನಿಗೆ ಹೇಳಬೇಕಾದದ್ದು ಇಷ್ಟು: ಇಂತಹ ಜಾಗದಲ್ಲಿ ಇಂತಹ ಕಾರಣಕ್ಕೆ ಸೋರುತ್ತಿದೆ, ಮಳೆಯಲ್ಲಿ ಪಕ್ಕಾ ಕೆಲಸ ನಿಲ್ಲುವುದಿಲ್ಲ, ಈಗ ಮೇಲೆ ಟಾರ್ಪಾಲು ಕಟ್ಟಿ ತಾತ್ಕಾಲಿಕ ವ್ಯವಸ್ಥೆ ಮಾಡುತ್ತೇನೆ, ನವೆಂಬರ್ ಎರಡನೇ ವಾರ ಬಂದು ಅಷ್ಟು ಭಾಗವನ್ನು ನನ್ನ ಖರ್ಚಿನಲ್ಲಿ ಕಿತ್ತು ಮಾಡಿಕೊಡುತ್ತೇನೆ. ದಿನಾಂಕವನ್ನು ಚೀಟಿಯಲ್ಲಿ ಬರೆದುಕೊಡಿ, ಆ ದಿನ ತಪ್ಪದೆ ಹೋಗಿ. ಸೋರಿತು ಎಂಬ ಮಾತು ಮದುವೆ ಮನೆಯಲ್ಲಿ ಹೇಗೆ ಹರಡಿತೋ, ಬಂದು ಸರಿಮಾಡಿಕೊಟ್ಟ ಎಂಬ ಮಾತೂ ಹಾಗೆಯೇ ಹರಡುತ್ತದೆ. ಹೆಸರು ಹೇಳುವವನಿಗೆ ಧೈರ್ಯ ಕೊಡುವುದು ಈ ಎರಡನೆಯ ಮಾತು. ಏನೇ ಆದರೂ ಇವರು ಓಡಿಹೋಗುವುದಿಲ್ಲ ಎಂಬುದು ಅವನಿಗೆ ಗೊತ್ತಾಗುತ್ತದೆ.

ಇನ್ನು ಮುಂದೆ ಪ್ರತಿ ಮನೆಯಲ್ಲೂ ಆ ಧೈರ್ಯಕ್ಕೆ ಸಾಕ್ಷಿ ಬಿಟ್ಟು ಬನ್ನಿ. ಮುಚ್ಚಿಹೋಗುವ ಕೆಲಸದ ಫೋಟೋ ತೆಗೆದಿಡಿ: ಬಿಡಿಸಿದ ಬಿರುಕು, ಕೋವಿಂಗ್, ಪ್ರೈಮರ್, ಒಂದನೇ ಕೋಟ್, ಎರಡನೇ ಕೋಟ್. ಖಾಲಿ ಡಬ್ಬಗಳನ್ನು ಕೊಂಡುಹೋಗಬೇಡಿ, ಮನೆಯವರು ಎಣಿಸಿ ನೋಡುವವರೆಗೆ ಜಗಲಿಯಲ್ಲೇ ಇರಲಿ. ಒಂದು ಲೀಟರಿಗೆ ಎಷ್ಟು ಚದರ ಅಡಿ ಎಂದು ಡಬ್ಬದ ಮೇಲೆಯೇ ಬರೆದಿರುತ್ತದೆ, ಲೆಕ್ಕ ಅವರೇ ಹಾಕಲಿ. ಕೋಟ್ ಪೂರ್ತಿ ಗಟ್ಟಿಯಾದ ಮೇಲೆ ಪೈಪಿನ ಬಾಯಿ ಮುಚ್ಚಿ ಎರಡು ಅಂಗುಲ ನೀರು 48 ಗಂಟೆ ನಿಲ್ಲಿಸಿ, ಕೆಳಗಿನ ಕೋಣೆಗೆ ಮನೆಯವರನ್ನೇ ಕರೆದುಕೊಂಡು ಹೋಗಿ ತೋರಿಸಿ. 1,000 ಚದರ ಅಡಿಗೆ ಎರಡು ಅಂಗುಲವೆಂದರೆ ಸುಮಾರು 4,700 ಲೀಟರ್ ನೀರು. ಏಪ್ರಿಲ್‌ನಲ್ಲಿ ಬಾವಿ ತಳ ಕಂಡಿರುವ ಮನೆಯಲ್ಲಿ ಟ್ಯಾಂಕರ್ ಬೇಕಾಗುತ್ತದೆ, ಅದರ ಹಣ ಯಾರದೆಂದು ಕೊಟೇಶನ್‌ನಲ್ಲೇ ಬರೆದಿರಿ. ಗ್ಯಾರಂಟಿಯನ್ನು ವರ್ಷದಲ್ಲಿ ಹೇಳಬೇಡಿ, ಮಳೆಗಾಲದಲ್ಲಿ ಹೇಳಿ. ‘ಮೂರು ಮಳೆಗಾಲ’ ಎಂದರೆ ಈ ಊರಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಅದರ ಕೆಳಗೆ, ಮತ್ತೆ ಡ್ರಿಲ್ ಹೊಡೆದರೆ, ಪೈಪ್ ಕಟ್ಟಿಕೊಂಡರೆ, ಹೊರಗೋಡೆಯಿಂದ ನೀರು ಬಂದರೆ ಇದು ಅನ್ವಯಿಸದು ಎಂಬ ಎರಡು ಸಾಲು ಇರಲಿ. ಕಂಪನಿ ಡಬ್ಬದ ಮೇಲೆ ಹತ್ತು ವರ್ಷ ಎಂದು ಬರೆದಿದೆಯೆಂದು ನೀವೂ ಹತ್ತು ವರ್ಷ ಹೇಳಬೇಡಿ. ಅದು ಮಾಲಿನ ಮಾತು, ಕೈಕೆಲಸಕ್ಕೆ ಜವಾಬ್ದಾರಿ ನಿಮ್ಮದು.

ಎಲ್ಲರೂ ಬಿಡುವ ಒಂದು ಕೆಲಸವಿದೆ. ಜೂನ್‌ನಲ್ಲಿ ಮಳೆ ಹಿಡಿದು ಮೂರು ದಿನ ಆದ ಮೇಲೆ ಕಳೆದ ಸೀಸನ್ನಿನ ಎಲ್ಲ ಮನೆಗೂ ನೀವೇ ಫೋನ್ ಮಾಡುವುದು. ‘ಮೇಲೆ ನೀರು ನಿಲ್ಲುತ್ತದೆಯಾ? ಪೈಪಿನ ಬಾಯಿ ಒಮ್ಮೆ ನೋಡಿ’ ಎಂದರೆ ಸಾಕು. ಮಾರಾಟದ ಮಾತು ಬೇಡ. 25 ಮನೆಗೆ ಎರಡು ಸಂಜೆ ಹಿಡಿಯುತ್ತದೆ. ಪಕ್ಕದ ಮನೆಯಲ್ಲಿ ಬಕೆಟ್ ಇಟ್ಟು ನೀರು ಹಿಡಿಯುವ ಹೊತ್ತಿನಲ್ಲಿ ನಿಮ್ಮ ಫೋನ್ ಬಂದಿರುತ್ತದೆ. ಹೆಸರು ಹೇಳಿಕೆಯಾಗುವುದು ಆಗಲೇ. ಕೇಳುವುದಿದ್ದರೂ ಆಗಲೇ ಕೇಳಿ, ಬಿಲ್ಲಿನ ಕೊನೆಯ ಹಣ ತೆಗೆದುಕೊಳ್ಳುವಾಗ ಬೇಡ. ‘ಕೆಲಸ ಇದ್ದರೆ ಹೇಳಿ’ ಎಂಬ ಮಾತು ಗಾಳಿಗೆ ಹೋಗುತ್ತದೆ. ‘ನಿಮ್ಮ ಓಣಿಯಲ್ಲಿ ಪಡು ಗೋಡೆ ಒದ್ದೆಯಾಗುವ ಮನೆ ಯಾವುದಾದರೂ ಉಂಟಾ? ನಾನು ಆ ಕಡೆ ಬಂದಾಗ ನೋಡಿ ಹೇಳುತ್ತೇನೆ, ನೋಡಲು ಹಣ ಇಲ್ಲ’ ಎಂದರೆ ಅವರ ಕಣ್ಣೆದುರು ಒಂದು ಮನೆ ಬರುತ್ತದೆ.

ಇನ್ನೊಂದು ವಿಷಯ. ಮನೆ ಸೋರುವುದು ಮೊದಲು ಯಾರಿಗೆ ಗೊತ್ತಾಗುತ್ತದೆ? ಸ್ಲ್ಯಾಬಿನೊಳಗಿನ ವಯರಿಂಗ್ ಪೈಪಿಗೆ ನೀರು ಇಳಿದು ಕರೆಂಟ್ ಟ್ರಿಪ್ ಆಗತೊಡಗಿದರೆ ಮನೆಯವರು ಕರೆಯುವುದು ಎಲೆಕ್ಟ್ರಿಷಿಯನ್ನನ್ನು. ಬಚ್ಚಲಿನ ಗೋಡೆ ಉಬ್ಬಿದರೆ ಪ್ಲಂಬರನ್ನು. ಮೇಲಿನ ಟ್ಯಾಂಕ್ ತೊಳೆಯುವವರು, ತೆಂಗಿನಕಾಯಿ ಕೀಳುವವರು ತಾರಸಿಯನ್ನು ಮೇಲಿನಿಂದ ಕಾಣುತ್ತಾರೆ. ಇಂಥ ಐದಾರು ಜನರ ಗುರ್ತ ನಿಮ್ಮ ಫೋನಿನ ಸಾವಿರ ನಂಬರಿಗಿಂತ ಮೇಲು. ಅವರಿಗೆ ದುಡ್ಡು ಕೊಡುವ ಕ್ರಮ ಹಾಕಬೇಡಿ. ನಿಮ್ಮ ಸೈಟಿನಲ್ಲಿ ಅವರ ಕೆಲಸ ಕಂಡರೆ ಅವರನ್ನೇ ಕರೆಸಿ. ಅವರು ಕಳಿಸಿದ ಮನೆಗೆ ಅದೇ ದಿನ ಫೋನ್ ಮಾಡಿ. ಹೋಗಿ ಬಂದ ಮೇಲೆ ಏನಾಯಿತೆಂದು ಅವರಿಗೆ ತಿಳಿಸಿ. ಆದರೆ ಎಷ್ಟಕ್ಕೆ ಒಪ್ಪಿದಿರೆಂದು ಹೇಳಬೇಡಿ, ಅದು ಮನೆಯವರ ಗುಟ್ಟು.

ಸಂಬಂಧಿಕರ ರೇಟಿನಲ್ಲಿ ಅಪಾಯ ನಷ್ಟಕ್ಕಿಂತ ದೊಡ್ಡದು. ಬಾಯಿಮಾತಿನಲ್ಲಿ ಹೆಸರು ಒಂಟಿಯಾಗಿ ಹೋಗುವುದಿಲ್ಲ, ರೇಟೂ ಜೊತೆಗೇ ಹೋಗುತ್ತದೆ. ಮಾವನಿಗೆ ಇಳಿಸಿಕೊಟ್ಟ ದರವೇ ಅವರು ಕಳಿಸಿದ ಮೂರನೆಯವರಿಗೆ ನಿಮ್ಮ ಮಾಮೂಲು ದರ. ಅದಕ್ಕೆ ಕೊಟೇಶನ್ ಎಲ್ಲರಿಗೂ ಒಂದೇ ನಮೂನೆಯಲ್ಲಿರಲಿ, ಪೂರ್ತಿ ದರ ಬರೆಯಿರಿ. ಕೊಡುವುದಿದ್ದರೆ ಬಿಲ್ಲಿನ ಕೊನೆಯಲ್ಲಿ ‘ಮನೆಯವರೆಂದು ಇಷ್ಟು ಬಿಟ್ಟದ್ದು’ ಎಂದು ಬೇರೆ ಸಾಲಿನಲ್ಲಿ ತೋರಿಸಿ. ಮಾಲಿನ ದರ ಇಳಿಸಬೇಡಿ, ನಿಮ್ಮ ಲಾಭದಲ್ಲಿ ಬಿಡಿ. ಮಾಲು ಇಳಿಸಿದರೆ ಕೊನೆಗೆ ಎರಡನೇ ಕೋಟ್ ತೆಳುವಾಗುತ್ತದೆ, ಚಿಕ್ಕಮ್ಮನ ಕಥೆ ಮತ್ತೆ ಶುರುವಾಗುತ್ತದೆ. ಮುಜುಗರಕ್ಕೆ ಮದ್ದು ಕಂತು. ಶೇ. 40 ಮಾಲು ಇಳಿಸುವಾಗ, ಶೇ. 30 ಒಂದನೇ ಕೋಟ್ ಹೊಡೆಯುವ ಮೊದಲು, ಶೇ. 20 ನೀರು ನಿಲ್ಲಿಸಿ ತೋರಿಸಿದ ದಿನ, ಉಳಿದ ಶೇ. 10 ಒಂದು ತಿಂಗಳೊಳಗೆ ಎಂದು ಕಾಗದದಲ್ಲಿದ್ದರೆ ಕೇಳುವುದು ಕಾಗದ, ನೀವಲ್ಲ.

ಸಭಾಭವನದ ಕೆಲಸವನ್ನು ಪೂರ್ತಿ ಧರ್ಮಕ್ಕೆ ಹಿಡಿಯಬೇಡಿ. ಅಂಥ ಕೆಲಸ ಬೇರೆ ಮನೆಗಳ ನಡುವೆ ಬಿಡುವಾದಾಗ, ಉಳಿದ ಮಾಲಿನಲ್ಲಿ ನಡೆಯುತ್ತದೆ. ಅನ್ನಸಂತರ್ಪಣೆಯ ದಿನ ಒಂದು ಮಳೆ ಬಂದು ಪಂಕ್ತಿಯ ಮೇಲೆ ಹನಿ ಬಿದ್ದರೆ ಊರಿಡೀ ಕೂತಲ್ಲೇ ನೋಡುತ್ತದೆ. ಹೊರೆಕಾಣಿಕೆಗೆ ಪ್ರತಿ ಮನೆಯವರು ತಮ್ಮ ಶಕ್ತಿಯಷ್ಟು ಅಕ್ಕಿ, ತೆಂಗಿನಕಾಯಿ ಕೊಡುತ್ತಾರೆ, ನಿಮ್ಮ ಸೇವೆಯೂ ಅಳತೆಯಲ್ಲಿರಲಿ. ಮಾಲು ಮತ್ತು ಕೆಲಸದವರ ಸಂಬಳ ಸಮಿತಿಯದು, ನಿಮ್ಮ ಮೇಲುಸ್ತುವಾರಿ ಮತ್ತು ಲಾಭ ದೇವರಿಗೆ. ಪೂರ್ತಿ ಮೊತ್ತದ ಬಿಲ್ಲು ಮಾಡಿ, ಬಿಟ್ಟ ಭಾಗಕ್ಕೆ ದೇಣಿಗೆಯ ರಶೀದಿ ಕೇಳಿ. ಸಮಿತಿಯವರು ನಾಳೆ ತಮ್ಮ ಮನೆಗೆ ಕರೆದಾಗ ನಿಮ್ಮ ಕೆಲಸದ ನಿಜವಾದ ಬೆಲೆ ಅವರಿಗೆ ಗೊತ್ತಿರುತ್ತದೆ. ಸಮಿತಿ ಒಪ್ಪದಿದ್ದರೆ ಒಂದು ಮೊತ್ತ ಕಾಣಿಕೆ ಕೊಟ್ಟು ಕೈಮುಗಿಯಿರಿ.

ಹಾರ್ಡ್‌ವೇರ್ ಅಂಗಡಿಯ ಕಮಿಷನ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಬೇಡ. ಕಮಿಷನ್ ಎಲ್ಲಿಂದಲೋ ಬರಬೇಕು. ಒಂದೋ ರೇಟಿಗೆ ಸೇರುತ್ತದೆ, ಇಲ್ಲವೇ ಮಾಲಿನಿಂದ ಕಳೆಯುತ್ತದೆ. ಮನೆಯವರಿಗೆ ಗೊತ್ತಾದ ದಿನ ಅಂಗಡಿಯವರ ಮಾತೂ ನಿಮ್ಮ ಮಾತೂ ಒಟ್ಟಿಗೆ ಬೀಳುತ್ತವೆ. ನಾಳೆ ಅರ್ಧ ಶೇಕಡಾ ಹೆಚ್ಚು ಕೊಡುವವನು ಬಂದರೆ ಕೆಲಸ ಅವನಿಗೆ. ಕಮಿಷನ್ ಇಲ್ಲದೆಯೂ ಅಂಗಡಿಯವರು ಕಳಿಸುವ ಒಬ್ಬ ಗುತ್ತಿಗೆದಾರ ಇರುತ್ತಾನೆ: ಸಾಲದ ಲೆಕ್ಕವನ್ನು ಹೇಳಿದ ತಾರೀಕಿಗೆ ತೀರಿಸುವವನು. ಅವನಿಗೆ ಕೆಲಸ ಸಿಕ್ಕಿದರೆ ಅಂಗಡಿಯ ಹಣ ಭದ್ರ. ಅದೂ ಅಲ್ಲದೆ ಯಾರು ಎಷ್ಟು ತಾರಸಿಗೆ ಎಷ್ಟು ಡಬ್ಬ ಕೊಂಡುಹೋಗುತ್ತಾರೆಂದು ಅಂಗಡಿಯವರಷ್ಟು ಬಲ್ಲವರಿಲ್ಲ.

ಕ್ಲಬ್ ಸೇರುವುದು ತಪ್ಪಲ್ಲ, ಲೆಕ್ಕ ಹಾಕಿ ಸೇರಿ. ವಾರಕ್ಕೊಮ್ಮೆ ಬೆಳಿಗ್ಗೆ ಸೇರಿ ಒಬ್ಬರಿಗೊಬ್ಬರು ಗಿರಾಕಿ ಕೊಡುವ ಕ್ಲಬ್‌ಗಳಲ್ಲಿ ವರ್ಷದ ಶುಲ್ಕ, ತಿಂಡಿಯ ಖರ್ಚು, ಜೊತೆಗೆ ಕಾಪುವಿನಿಂದ ಮಂಗಳೂರಿಗೆ ಹೋಗಿಬರುವ ಅರ್ಧ ದಿನ ಇದೆ. ಇದೆಲ್ಲವನ್ನು ಕೂಡಿಸಿ, ಒಂದು ಮನೆಯಲ್ಲಿ ನಿಮಗೆ ಉಳಿಯುವ ಹಣದಿಂದ ಭಾಗಿಸಿ. ಆ ಶುಲ್ಕಕ್ಕೆ ನಾಲ್ಕು ಮನೆ ಬೇಕೆಂದಾದರೆ ಮಂಗಳೂರಿನಲ್ಲಿ ಆ ನಾಲ್ಕು ಮನೆಯನ್ನು ಮಾಡಿಸಲು ನಿಮ್ಮಲ್ಲಿ ಮೇಸ್ತ್ರಿ ಇದ್ದಾರೆಯೇ? ಇಲ್ಲದಿದ್ದರೆ ಈ ವರ್ಷ ಬೇಡ. ರೋಟರಿ, ಲಯನ್ಸ್ ಬೇರೆ. ಅವು ಸೇವಾ ಸಂಸ್ಥೆಗಳು, ಸೇವೆ ಮಾಡುವ ಮನಸ್ಸಿದ್ದರೆ ಹೋಗಿ, ಮೊದಲ ಸಭೆಯಲ್ಲೇ ಕಾರ್ಡು ಹಂಚಿದವನನ್ನು ಅಲ್ಲಿ ಯಾರೂ ಮರೆಯುವುದಿಲ್ಲ.

ಕ್ಲಬ್ಬಿಗಿಂತ ಹತ್ತಿರದ ಅವಕಾಶ ನಿಮ್ಮ ಕಾಪು, ಕಟಪಾಡಿ, ಶಿರ್ವ ಸುತ್ತಲಿನ ಬೀಗ ಹಾಕಿದ ಮನೆಗಳಲ್ಲಿದೆ. ಮುಂಬೈಯವರು ಏಪ್ರಿಲ್–ಮೇಯಲ್ಲಿ ಬರುತ್ತಾರೆ. ಗಲ್ಫಿನವರಲ್ಲಿ ಬಹಳ ಮಂದಿ ಬರುವುದು ಅಲ್ಲಿನ ಶಾಲೆಗೆ ರಜೆ ಇರುವ ಜುಲೈ–ಆಗಸ್ಟ್‌ನಲ್ಲಿ, ಅಂದರೆ ಮನೆ ಸೋರುವ ಹೊತ್ತಿಗೆ ಸರಿಯಾಗಿ. ಆಟಿಯಲ್ಲಿ (ಜುಲೈ–ಆಗಸ್ಟ್ ನಡುವೆ ಬರುವ ತುಳು ತಿಂಗಳು) ಹೊಸ ಕೆಲಸಕ್ಕೆ ಯಾರೂ ಕೈಹಾಕುವುದಿಲ್ಲ, ಸ್ಲ್ಯಾಬೂ ಒಣಗಿರುವುದಿಲ್ಲ. ಆದ್ದರಿಂದ ಆ ಎರಡು ತಿಂಗಳನ್ನು ನೋಡಿ ಬರೆದುಕೊಡಲು ಇಡಿ: ಎಲ್ಲಿ ಸೋರುತ್ತದೆ, ಯಾಕೆ, ನವೆಂಬರ್‌ನಿಂದ ಯಾವ ವಾರ ಮಾಡಬಹುದು, ಎಷ್ಟಾಗುತ್ತದೆ. ಅವರು ಹೋದ ಮೇಲೆ ಕೆಲಸ ನಡೆಯುವಾಗ ದಿನಾ ಸಂಜೆ ಒಂದೇ ಹೊತ್ತಿಗೆ ಮೂರು ಫೋಟೋ, ಎರಡು ಸಾಲು ಕಳಿಸಿ. ಅದು ಆ ಮನೆತನದ ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತದೆ, ಅಲ್ಲಿ ಇನ್ನೂ ಮೂರು ಮನೆಯವರಿರುತ್ತಾರೆ. ನಿಮ್ಮ ಸ್ಟೇಟಸ್ಸಿನಲ್ಲಿ ಮಾತ್ರ ಆ ಮನೆಯನ್ನು ಹಾಕಬೇಡಿ. ಯಜಮಾನರು ಊರಲ್ಲಿಲ್ಲ ಎಂದು ಕಳ್ಳರಿಗೆ ಸಾರಿದಂತಾಗುತ್ತದೆ. ಊರಲ್ಲಿ ಬೀಗದ ಕೈ ಇಟ್ಟುಕೊಂಡ ಅಣ್ಣನೋ ಅತ್ತಿಗೆಯೋ ಇದ್ದರೆ ಅವರನ್ನು ಬಿಟ್ಟು ನೇರ ದುಬೈಗೆ ಮಾತಾಡಬೇಡಿ. ಮುಂದಿನ ಮನೆಗೆ ನಿಮ್ಮ ಹೆಸರು ಹೇಳುವವರು ಅವರೇ.

ಮಣಿಪಾಲ, ಮಂಗಳೂರಿನ ಕದ್ರಿ, ಬಿಜೈ ಕಡೆಯ ಅಪಾರ್ಟ್‌ಮೆಂಟ್‌ಗಳಿಗೆ ಈಗಲೇ ಕೈಹಾಕಬೇಕೆಂದಿಲ್ಲ, ಆದರೆ ತಯಾರಿ ಬೇಕು. ಅಲ್ಲಿ ಕಾರ್ಯದರ್ಶಿ ಸದಸ್ಯರ ಸಭೆಯಲ್ಲಿ ನಿಮ್ಮನ್ನು ಸಮರ್ಥಿಸಿಕೊಳ್ಳಬೇಕು, ಅವರ ಮರ್ಯಾದೆಯನ್ನು ಕಾಯುವುದು ಕಾಗದಪತ್ರ. ಕೆಲಸದವರಿಗೆ ಅಪಘಾತ ಪರಿಹಾರದ ವಿಮೆ, ಹೊರಗೋಡೆಗೆ ಸೇಫ್ಟಿ ಬೆಲ್ಟ್, ಬಿಲ್ಲು, ಪ್ಯಾನ್ ಇಲ್ಲದೆ ಒಳಗೆ ಹೋಗಬೇಡಿ. ಅಸೋಸಿಯೇಷನ್‌ನವರು ಒಂದು ಬಿಲ್ಲು 30,000 ರೂ. ದಾಟಿದರೆ ಅಥವಾ ವರ್ಷದ ಮೊತ್ತ 1 ಲಕ್ಷ ದಾಟಿದರೆ ಟಿಡಿಎಸ್ (ಹಣ ಕೊಡುವಾಗಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿಯುತ್ತಾರೆ. ನೀವು ವ್ಯಕ್ತಿಯಾಗಿ ವ್ಯವಹಾರ ಮಾಡುವುದಾದರೆ ಶೇ. 1, ಪ್ಯಾನ್ ಕೊಡದಿದ್ದರೆ ಶೇ. 20. ಮಾಲು, ಕೂಲಿ ಸೇರಿ ನಿಮ್ಮ ವರ್ಷದ ವಹಿವಾಟು 20 ಲಕ್ಷ ದಾಟುತ್ತಿದ್ದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. 40 ಮನೆಯ ಲೆಕ್ಕದಲ್ಲಿ ಅದು ದಾಟುವ ಸಂಭವವೇ ಹೆಚ್ಚು, ಒಬ್ಬ ಲೆಕ್ಕಪರಿಶೋಧಕರನ್ನು ಈಗಲೇ ಕಾಣಿ.

ಕೊನೆಗೆ ಒಂದು ಎಚ್ಚರಿಕೆ. ಬಾಯಿಮಾತು ಬೆಳೆದರೆ ಕೆಲಸ ಸಮನಾಗಿ ಹಂಚಿ ಬರುವುದಿಲ್ಲ. ಹೆಚ್ಚಿನ ಫೋನ್‌ಗಳು ಏಪ್ರಿಲ್ ಕೊನೆಗೆ, ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ಜಾತ್ರೆ, ನೇಮಗಳು ಮುಗಿಯುವ ದಿನ) ಮೊದಲಿನ ಮೂರು ವಾರಗಳಲ್ಲಿ ಒಟ್ಟಿಗೆ ಬರುತ್ತವೆ. ಎಲ್ಲಕ್ಕೂ ಹೂಂ ಎಂದರೆ ಒದ್ದೆ ಸ್ಲ್ಯಾಬಿನ ಮೇಲೆ ಕೋಟ್ ಬೀಳುತ್ತದೆ. ಮೇ 10ರ ನಂತರ ಹೊಸ ತಾರಸಿ ಆರಂಭಿಸುವುದಿಲ್ಲ ಎಂದು ಗೆರೆ ಹಾಕಿಕೊಳ್ಳಿ. ಆಮೇಲೆ ಬಂದವರಿಗೆ ನವೆಂಬರಿನ ವಾರ ಕೊಡಿ, ತುರ್ತಿದ್ದರೆ ನೀವು ನಂಬುವ ಇನ್ನೊಬ್ಬರ ನಂಬರ್ ಕೊಡಿ. ಒಂದು ನೋಟ್‌ಬುಕ್ಕಿನಲ್ಲಿ ಬಂದ ಪ್ರತಿ ಫೋನನ್ನು ಬರೆಯಿರಿ: ತಾರೀಕು, ಮನೆ, ಯಾರು ಹೇಳಿ ಕಳಿಸಿದ್ದು, ಹೇಳಿದ ಮೊತ್ತ, ಆಯಿತೋ ಇಲ್ಲವೋ, ಇಲ್ಲವಾದರೆ ಯಾಕೆ. ಬರುವ ಮೇ ಕೊನೆಗೆ ಅದನ್ನು ತೆರೆದರೆ ‘ಯಾರು ಹೇಳಿದ್ದು’ ಎಂಬ ಅಂಕಣದಲ್ಲಿ ನಾಲ್ಕೈದು ಹೆಸರುಗಳೇ ಮತ್ತೆ ಮತ್ತೆ ಕಾಣುತ್ತವೆ. ದೀಪಾವಳಿಗೆ ಸಿಹಿ ಕೊಂಡುಹೋಗಬೇಕಾದದ್ದು, ಜೂನ್‌ನಲ್ಲಿ ಮೊದಲು ಫೋನ್ ಮಾಡಬೇಕಾದದ್ದು ಆ ಮನೆಗಳಿಗೆ.